ಬಾಲ್ಕನಿಯೊಳಗೆ ಸಿಕ್ಕಿಬಿದ್ದ ನೀರು: ಬರ್ಕ್ಲಿಯ ಒಂದು ರಾತ್ರಿ ಮತ್ತು ಅದರ ಹಿಂದಿನ ಇತಿಹಾಸ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ)

ಇತಿಹಾಸ ಅಂದ ಕೂಡಲೇ ಕೋಟೆ, ಕಾಳಗ, ಶಾಸನ ಅಂತ ಕಾಯ್ತಾ ಕೂತವರಿಗೆ ಇವತ್ತು ಸ್ವಲ್ಪ ನಿರಾಸೆ ಆಗಬಹುದು. ಇವತ್ತಿನ ವಿಷಯ ಬಾಲ್ಕನಿ. ಅದರಲ್ಲೂ ಬಾಲ್ಕನಿಗೆ ನೀರು ಇಳಿಯದ ಹಾಗೆ ಮಾಡುವ ಕೆಲಸ. ವಾಟರ್‌ಪ್ರೂಫಿಂಗ್ ಅಂತೀವಲ್ಲ, ಅದು. ಮೇಸ್ತ್ರಿ ಹತ್ತಿರ ಮಾತಾಡೋ ವಿಷಯ ಇದು, ಇದರಲ್ಲೇನು ಇತಿಹಾಸ ಅಂತ ನನಗೂ ಮೊದಲು ಅನ್ನಿಸಿತ್ತು.

ಅನಿಸಿಕೆ ಬದಲಾಗಿದ್ದು ಒಂದು ಫೋನ್ ಕರೆಯಿಂದ. ನನ್ನ ಚಿಕ್ಕಮ್ಮನ ಮಗಳು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾಳೆ. ಬೆಂಗಳೂರಿನಿಂದ ಹೋಗಿ, ಹತ್ತು ವರ್ಷ ಬಾಡಿಗೆ ಕಟ್ಟಿ, ಕೊನೆಗೆ ಮೂರು ಅಂತಸ್ತಿನ ಕಟ್ಟಡವೊಂದರಲ್ಲಿ ಎರಡು ಕೋಣೆಯ ಮನೆ ಕೊಂಡವಳು. 2024ರ ಕೊನೆಯಲ್ಲಿ ಫೋನ್ ಮಾಡಿ, "ಅಣ್ಣಾ, ಬಾಲ್ಕನಿಯಿಂದ ತುಳಸಿ ಕುಂಡ ತೆಗೀಬೇಕಂತೆ. ಬಾಗಿಲಿಗೆ ನೋಟಿಸ್ ಅಂಟಿಸಿ ಹೋಗಿದ್ದಾರೆ" ಅಂದಳು. ಅಲ್ಲಿನ ಮನೆಮಾಲೀಕರ ಸಂಘ ಕರೆಸಿದ ಎಂಜಿನಿಯರ್ ಬಂದು, ಬಾಲ್ಕನಿಯ ತಳಕ್ಕೆ ಬೆರಳು ಹೋಗುವಷ್ಟು ತೂತು ಕೊರೆದು, ಅದರೊಳಗೆ ಕ್ಯಾಮೆರಾ ತೂರಿಸಿ ನೋಡುತ್ತಾನಂತೆ. ಡಾಕ್ಟರು ಹೊಟ್ಟೆಯೊಳಗೆ ಎಂಡೋಸ್ಕೋಪಿ ಮಾಡೋ ಹಾಗೆ. "ಹದಿನೈದು ವರ್ಷದಿಂದ ಇಲ್ಲದ್ದು ಈಗ್ಯಾಕೆ ಬಂತು?" ಅನ್ನೋದು ಅವಳ ಪ್ರಶ್ನೆ.

ಯಾಕೆ ಬಂತು ಅಂದ್ರೆ, ಅವಳ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದೂರದ ಬರ್ಕ್ಲಿ ಊರಿನಲ್ಲಿ 2015ರ ಜೂನ್ 16ರಂದು ನಡುರಾತ್ರಿ ಕಳೆದು ಮುಕ್ಕಾಲು ಗಂಟೆಯ ಹೊತ್ತಿಗೆ ಒಂದು ಬಾಲ್ಕನಿ ಕಳಚಿ ಬಿತ್ತು.

ಊರಿನ ನಡುವೆ, ವಿಶ್ವವಿದ್ಯಾಲಯದ ಹತ್ತಿರ, ಕಿಟ್ರಿಜ್ ಬೀದಿಯಲ್ಲಿ ಲೈಬ್ರರಿ ಗಾರ್ಡನ್ಸ್ ಎಂಬ ಅಪಾರ್ಟ್‌ಮೆಂಟ್ ಸಮುಚ್ಚಯ. 2007ರಲ್ಲಿ ಬಾಡಿಗೆಗೆ ತೆರೆದಿದ್ದ ಕಟ್ಟಡ. ಅಂದರೆ ವಯಸ್ಸು ಬರೀ ಎಂಟು ವರ್ಷ. ಅಮೆರಿಕದ ಲೆಕ್ಕದಲ್ಲಿ ಐದನೇ, ನಮ್ಮ ಲೆಕ್ಕದಲ್ಲಿ ನಾಲ್ಕನೇ ಮಹಡಿಯ ಒಂದು ಮನೆಯಲ್ಲಿ ಹುಟ್ಟುಹಬ್ಬದ ಪಾರ್ಟಿ. ಬಂದಿದ್ದವರಲ್ಲಿ ಹೆಚ್ಚಿನವರು ಐರ್ಲೆಂಡಿನ ವಿದ್ಯಾರ್ಥಿಗಳು. ಬೇಸಗೆ ರಜೆಯಲ್ಲಿ ಕೆಲಸ ಮಾಡಿ, ಊರು ನೋಡಿ ಹೋಗೋಣ ಅಂತ ಜೆ-1 ವೀಸಾದಲ್ಲಿ ಬಂದವರು. ಸಣ್ಣ ಬಾಲ್ಕನಿ. ಹದಿಮೂರು ಜನ ನಿಂತಿದ್ದರು. ಗೋಡೆಯ ಬುಡದಲ್ಲೇ ಮುರಿದು, ಮುಂದಕ್ಕೆ ಮಗುಚಿ, ಕೆಳಗಿನ ಬಾಲ್ಕನಿಯ ಮೇಲೆ ಬೋರಲು ಬಿತ್ತು. ಮೇಲಿದ್ದವರು ರಸ್ತೆಗೆ ಬಿದ್ದರು. ಆರು ಜನ ಸತ್ತರು, ಐವರು ಐರ್ಲೆಂಡಿನವರು, ಒಬ್ಬರು ಐರಿಷ್ ಮೂಲದ ಅಮೆರಿಕನ್. ಎಲ್ಲರೂ ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿನವರು. ಉಳಿದ ಏಳು ಜನರಿಗೆ ಭೀಕರ ಗಾಯ. ಅವರಲ್ಲೊಬ್ಬರು ಆರೂವರೆ ವರ್ಷ ಅದರ ಜೊತೆ ಹೆಣಗಿ 2022ರ ಜನವರಿಯಲ್ಲಿ ತೀರಿಕೊಂಡರು.

ಬೆಳಗಾಗುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಜನ ಜಾಸ್ತಿ ಆಗಿರಬೇಕು, ಹುಡುಗರು ಕುಣಿದಿರಬೇಕು. ಆ ದೇಶಕ್ಕೆ ಅದರ ಹಳೆಯ ನೆನಪೂ ಇತ್ತು. 2003ರ ಜೂನ್‌ನಲ್ಲಿ ಷಿಕಾಗೊದ ಲಿಂಕನ್ ಪಾರ್ಕ್ ಬಡಾವಣೆಯಲ್ಲಿ ಮನೆಯೊಂದರ ಹಿಂಬದಿಯ ಮರದ ಜಗಲಿ ಪಾರ್ಟಿಯ ನಡುವೆ ಕುಸಿದು 13 ಜನ ಸತ್ತಿದ್ದರು. ಅಲ್ಲಿ ಜನಸಂದಣಿ ಇತ್ತು, ಪರವಾನಗಿ ಇಲ್ಲದೆ ದೊಡ್ಡದಾಗಿ ಕಟ್ಟಿದ್ದ ಜಗಲಿಯೂ ಇತ್ತು. ಇಲ್ಲೂ ಅದೇ ಕಥೆ ಅಂದುಕೊಂಡರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಂತೂ ಈ ಐರಿಷ್ ವಿದ್ಯಾರ್ಥಿಗಳ ಕುಡಿತ, ಗಲಾಟೆಯ ಹಳೆ ಸುದ್ದಿಗಳನ್ನೆಲ್ಲ ಸೇರಿಸಿ ವರದಿ ಬರೆಯಿತು. ಐರ್ಲೆಂಡಿನಲ್ಲಿ ಜನ ಸಿಟ್ಟಿಗೆದ್ದರು, ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಪತ್ರಿಕೆಗೆ ಕಟುವಾದ ಪತ್ರ ಬರೆದರು. ಪತ್ರಿಕೆ ಆಮೇಲೆ ವಿಷಾದ ಸೂಚಿಸಿತು. ಸತ್ತ ಮಕ್ಕಳ ಹೆಣ ಇನ್ನೂ ಊರಿಗೆ ಹೋಗಿರಲಿಲ್ಲ, ಅಷ್ಟರಲ್ಲಿ ತಪ್ಪು ಅವರ ತಲೆಗೆ ಕಟ್ಟಿ ಆಗಿತ್ತು.

ಆದರೆ ಮರುದಿನದ ಫೋಟೊಗಳನ್ನು ನೋಡಿದ ಬಡಗಿಗಳಿಗೂ ಎಂಜಿನಿಯರ್‌ಗಳಿಗೂ ವಿಷಯ ಕಣ್ಣಿಗೇ ಕಾಣಿಸಿತು. ಗೋಡೆಯಿಂದ ಹೊರಗೆ ಚಾಚಿರಬೇಕಿದ್ದ ಜಂತೆಗಳ ಮೊಂಡು ತುದಿಗಳು ಮಾತ್ರ ಅಲ್ಲಿ ಉಳಿದಿದ್ದವು. ಗಟ್ಟಿ ಮರ ಮುರಿದರೆ ಉದ್ದುದ್ದ ಸೀಳು, ಚೂಪಾದ ಸಿಬಿರು ಕಾಣುತ್ತೆ. ಇಲ್ಲಿ ಹಾಗಿರಲಿಲ್ಲ. ಒದ್ದೆಯಾದ ರೊಟ್ಟಿ ಕಿತ್ತ ಹಾಗಿತ್ತು. ನಮ್ಮ ಕಡೆ ಮರ ಲಡ್ಡು ಹಿಡಿಯೋದು ಅಂತೀವಲ್ಲ, ಹಾಗೆ ಪೂರಾ ಲಡ್ಡು ಹಿಡಿದಿತ್ತು. ನಗರದ ಅಧಿಕಾರಿಗಳು ಕೆಳಗಿನ ಮಹಡಿಯ ಬಾಲ್ಕನಿಯನ್ನೂ ಪರೀಕ್ಷಿಸಿ, ಅದೂ ಅಪಾಯಕಾರಿ ಅಂತ ತೆಗೆಸಿಬಿಟ್ಟರು.

ಇಂಗ್ಲಿಷಿನಲ್ಲಿ ಇದಕ್ಕೆ ಡ್ರೈ ರಾಟ್ ಅಂತಾರೆ, ಒಣ ಕೊಳೆತ. ಇಷ್ಟು ದಾರಿ ತಪ್ಪಿಸುವ ಹೆಸರು ಇನ್ನೊಂದಿಲ್ಲ. ನೀರಿಲ್ಲದೆ ಮರ ಕೊಳೆಯೋದಿಲ್ಲ. ಮರ ತಿನ್ನುವುದು ಒಂದು ಶಿಲೀಂಧ್ರ, ಅಣಬೆಯ ಜಾತಿಯದು. ಒಣಮರದ ತೂಕದ ಶೇ. 20ಕ್ಕಿಂತ ಕಡಿಮೆ ತೇವ ಇದ್ದರೆ ಅದು ಬೆಳೆಯಲಾರದು. ತೇವ ಶೇ. 30ರ ಹತ್ತಿರ ಹೋಗಿ, ಅಲ್ಲೇ ತಿಂಗಳುಗಟ್ಟಲೆ ನಿಂತರೆ ಅದಕ್ಕೆ ಹಬ್ಬ. ಎಲ್ಲ ತಿಂದು ಮುಗಿಸಿದ ಮೇಲೆ ಮರ ಒಣಗಿ ಪುಡಿಪುಡಿ ಆಗಿರುತ್ತೆ. ನಾವು ನೋಡೋದು ಆಗ, ಅದಕ್ಕೇ ಆ ಹೆಸರು. ಹಿಂದಿದ್ದ ಬಾಡಿಗೆದಾರರು ಆ ಬಾಲ್ಕನಿಯಲ್ಲಿ ಅಣಬೆ ಎದ್ದಿವೆ ಅಂತ ದೂರಿದ್ದರು ಎಂಬ ಆರೋಪವನ್ನು ಆಮೇಲೆ ಕುಟುಂಬಗಳು ನ್ಯಾಯಾಲಯದಲ್ಲಿ ಹೂಡಿದ ದಾವೆಯಲ್ಲಿ ಮಾಡಿದರು.

ಇಲ್ಲಿ ಒಂದು ನಿಮಿಷ ನಿಂತು, ಆ ಬಾಲ್ಕನಿ ಹೇಗೆ ಕಟ್ಟಿರ್ತಾರೆ ಅಂತ ನೋಡಬೇಕು. ನಮಗೆ ಬಾಲ್ಕನಿ ಅಂದ್ರೆ ಕಾಂಕ್ರೀಟು, ಕಬ್ಬಿಣ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಾಲ್ಕೈದು ಅಂತಸ್ತಿನವರೆಗೂ ಮನೆಗಳ ಅಸ್ಥಿಪಂಜರ ಮರದ್ದು. ಮರ ಅಗ್ಗ, ಹಗುರ, ಭೂಕಂಪಕ್ಕೆ ಬಾಗುತ್ತೆ. ಕೋಣೆಯ ನೆಲ ಹೊತ್ತ ಜಂತೆಗಳನ್ನೇ ಗೋಡೆ ದಾಟಿಸಿ ನಾಲ್ಕೈದು ಅಡಿ ಹೊರಗೆ ಚಾಚಿದರೆ ಬಾಲ್ಕನಿ. ಕೆಳಗೆ ಕಂಬ ಇಲ್ಲ. ಜಂತೆಗಳ ಮೇಲೆ ಹಲಗೆ ಹಾಸು. ಅದರ ಮೇಲೆ ನೀರು ತಡೆಯುವ ಪೊರೆ. ಪೊರೆಯ ಮೇಲೆ ತೆಳ್ಳಗೆ ಕಾಂಕ್ರೀಟು. ಕೆಳಗಡೆಯಿಂದ ಜಂತೆ ಕಾಣಬಾರದು ಅಂತ ಇನ್ನೊಂದು ಹಲಗೆ ಹೊಡೆದು, ಗೋಡೆಯ ಹಾಗೇ ಗಾರೆ ಮಾಡಿ ಬಣ್ಣ ಬಳಿದುಬಿಡುತ್ತಾರೆ. ಅಂದರೆ ಅದೊಂದು ಮುಚ್ಚಿದ ಡಬ್ಬಿ.

ಈಗ ನೀರು ಎಲ್ಲಿಂದ ಬರುತ್ತೆ? ಬಾಲ್ಕನಿಯ ನಡುವಿನಿಂದ ಬರೋದು ಅಪರೂಪ. ಬಾಗಿಲ ಹೊಸ್ತಿಲ ಕೆಳಗೆ, ರೇಲಿಂಗ್ ಕಾಲು ನೆಟ್ಟ ಕಡೆ, ನೆಲ ಗೋಡೆಗೆ ಸೇರುವ ಮೂಲೆಯಲ್ಲಿ. ಇಬ್ಬರು ಮೂವರು ಬೇರೆಬೇರೆ ಗುತ್ತಿಗೆದಾರರ ಕೆಲಸ ಸೇರುವ ಜಾಗಗಳು ಇವು. ಬಾಗಿಲು ಕೂರಿಸುವವನು ಒಬ್ಬ, ಪೊರೆ ಹಾಸುವವನು ಇನ್ನೊಬ್ಬ, ಗಾರೆಯವನು ಮತ್ತೊಬ್ಬ. ಒಬ್ಬನ ತಗಡು ಇನ್ನೊಬ್ಬನ ಪೊರೆಯ ಮೇಲೆ ಬರಬೇಕೋ ಕೆಳಗೆ ಹೋಗಬೇಕೋ ಎಂಬಷ್ಟು ಸಣ್ಣ ವಿಷಯ. ತಪ್ಪಿದರೆ ನೀರು ಒಳಗೆ. ಕಂಬವಿಲ್ಲದೆ ಚಾಚಿದ ಜಂತೆಯ ಮೇಲೆ ಅತಿ ಹೆಚ್ಚು ಒತ್ತಡ ಬೀಳುವುದೂ ಗೋಡೆಯ ಆ ಬುಡದಲ್ಲೇ. ಭಾರ ಹೊರುವ ಜಾಗವೂ ನೀರು ಇಳಿಯುವ ಜಾಗವೂ ಒಂದೇ.

ಬರ್ಕ್ಲಿಯ ಪ್ರಕರಣದಲ್ಲಿ ಇದಕ್ಕಿಂತ ಕೆಟ್ಟದ್ದು ಆಗಿತ್ತು. ಅಲಮೇಡ ಜಿಲ್ಲೆಯ ಸರ್ಕಾರಿ ವಕೀಲೆ ನ್ಯಾನ್ಸಿ ಒಮ್ಯಾಲಿ ತನಿಖೆ ಮಾಡಿಸಿ 2016ರ ಮಾರ್ಚ್‌ನಲ್ಲಿ ಹೇಳಿದ್ದು ಇದು: ಕಟ್ಟುವಾಗಲೇ, ಬಹಳ ಮಳೆಯ ತಿಂಗಳುಗಳಲ್ಲಿ, ಮರ ನೆನೆದು, ಆ ನೀರು ಬಾಲ್ಕನಿಯೊಳಗೆ ಸಿಕ್ಕಿಕೊಂಡಿತ್ತು. ಬಳಸಿದ ಸಾಮಗ್ರಿ ಆಗಿನ ನಿಯಮಕ್ಕೆ ವಿರುದ್ಧವಾಗಿರಲಿಲ್ಲ, ಆದರೂ ಅನಾಹುತಕ್ಕೆ ಅದೂ ಕಾರಣವಾಯಿತು. ಅಂದರೆ ಒಬ್ಬ ಬಾಡಿಗೆದಾರ ಒಳಗೆ ಕಾಲಿಡುವ ಮೊದಲೇ ನೀರು ಅಲ್ಲಿ ವಾಸಕ್ಕೆ ಬಂದಿತ್ತು. ಮೇಲೆ ಹಾಸಿದ ಪೊರೆ ಹೊಸ ನೀರನ್ನು ಎಷ್ಟು ತಡೆಯಿತೋ, ಹಳೆ ನೀರು ಹೊರಗೆ ಹೋಗದಂತೆ ಅದಕ್ಕಿಂತ ಚೆನ್ನಾಗಿ ತಡೆಯಿತು. ಕ್ರಿಮಿನಲ್ ನಿರ್ಲಕ್ಷ್ಯ ಅಂತ ಸಂಶಯಕ್ಕೆ ಎಡೆಯಿಲ್ಲದೆ ರುಜುವಾತು ಮಾಡಲು ಸಾಧ್ಯವಿಲ್ಲ ಎಂದು ಯಾರ ಮೇಲೂ ಕೊಲೆಗೆ ಸಮನಾದ ಆರೋಪ ಹೊರಿಸಲಿಲ್ಲ.

ಇದು ಯಾರಿಗೂ ಮೊದಲೇ ಗೊತ್ತಿರಲಿಲ್ಲವಾ? ಗೊತ್ತಿತ್ತು. ಈ ಕಥೆಯಲ್ಲಿ ನನಗೆ ಬಹಳ ಬೇಜಾರಾದ ಭಾಗ ಇದು.

ಅದೇ ಕರಾವಳಿಯಲ್ಲಿ ಉತ್ತರಕ್ಕೆ ಹೋದರೆ ಗಡಿಯಾಚೆ ಕೆನಡಾದ ವ್ಯಾಂಕೂವರ್. 1980ರ ದಶಕದ ಮಧ್ಯದಿಂದ 90ರ ದಶಕದ ಕೊನೆಯವರೆಗೆ ಅಲ್ಲಿ ಮರದ ಚೌಕಟ್ಟಿನ ಅಪಾರ್ಟ್‌ಮೆಂಟ್‌ಗಳು ಸಾಲುಸಾಲಾಗಿ ಎದ್ದವು. ಆಗಿನ ಫ್ಯಾಷನ್ ಬಿಸಿಲ ನಾಡಿನದು, ಕ್ಯಾಲಿಫೋರ್ನಿಯಾದ್ದೇ. ನುಣುಪು ಗಾರೆಯ ಗೋಡೆ, ಮೊಟಕು ಛಾವಣಿ, ಸೂರು ಇಲ್ಲ, ಸುತ್ತ ಗಾರೆ ಮೆತ್ತಿದ ಬಾಲ್ಕನಿ, ಹೊರಗಡೆಯೇ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಮೊಗಸಾಲೆ. ಆದರೆ ವ್ಯಾಂಕೂವರ್ ಮಳೆಯ ಊರು. ವರ್ಷಕ್ಕೆ ಸುಮಾರು 1,200 ಮಿಲಿಮೀಟರ್. ಅಷ್ಟೇನಾ ಅಂತ ಮಂಗಳೂರಿನವರು ನಗಬೇಡಿ. ನಿಮ್ಮಲ್ಲಿ ಮೂರು ಸಾವಿರ ದಾಟುತ್ತೆ ನಿಜ, ಆದರೆ ಧೋ ಎಂದು ಹೊಯ್ದು ಮಳೆಗಾಲ ಮುಗಿಯುತ್ತೆ, ಆಮೇಲೆ ಸುಡು ಬಿಸಿಲು. ಅಲ್ಲಿ ಚಳಿಗಾಲ ಪೂರ್ತಿ ಸಣ್ಣಗೆ ಜಿನುಗುತ್ತಲೇ ಇರುತ್ತೆ. ಒದ್ದೆಯಾದದ್ದು ಒಣಗಲು ಪುರುಸೊತ್ತೇ ಇಲ್ಲ.

ಕೆಲವೇ ವರ್ಷದಲ್ಲಿ ಹೊಸ ಮನೆಗಳ ಗೋಡೆ, ಬಾಲ್ಕನಿ, ಮೊಗಸಾಲೆ ಎಲ್ಲ ಒಳಗಿಂದೊಳಗೇ ಕೊಳೆತವು. ಆ ಊರಿನಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಸಾರ್ವೆ ಕಟ್ಟಿ, ನೀಲಿ ಟಾರ್ಪಾಲು ಹೊದೆಸಿದ ಕಟ್ಟಡಗಳು. ಜನ ಅದಕ್ಕೆ ಸೋರುವ ಕಾಂಡೊಗಳು ಅಂತಲೇ ಹೆಸರಿಟ್ಟರು. ನಷ್ಟ ಸುಮಾರು 400 ಕೋಟಿ ಕೆನಡಾ ಡಾಲರ್ ಎಂಬ ಅಂದಾಜಿದೆ. ನಿವೃತ್ತಿ ಹಣವೆಲ್ಲ ಸುರಿದು ಮನೆ ಕೊಂಡವರು ಅದರ ರಿಪೇರಿಗೆ ಮತ್ತೆ ಸಾಲ ಮಾಡಿದರು, ಕೆಲವರು ಮನೆ ಬಿಟ್ಟೇ ಹೋದರು. ಕಟ್ಟಿದ ಕಂಪನಿಯ ಹತ್ತಿರ ಹೋಗೋಣ ಅಂದರೆ ಅದು ಆ ಒಂದೇ ಕಟ್ಟಡಕ್ಕೆ ಅಂತ ಹುಟ್ಟಿ, ಮಾರಾಟ ಮುಗಿದ ಮೇಲೆ ಬಾಗಿಲು ಹಾಕಿರುತ್ತಿತ್ತು. 1998ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ ಮಾಜಿ ಪ್ರಧಾನಿ ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಿಸಿತು. ಅಲ್ಲಿ ಪ್ರಾಂತ್ಯದ ಮುಖ್ಯಸ್ಥರನ್ನೂ ಪ್ರಧಾನಿ ಅಂತಾರೆ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಆಯೋಗದ ಮುಂದೆ ಮನೆಮಾಲೀಕರು ಬಂದು ಅತ್ತುಕೊಂಡರು. ಹೊಸ ಮನೆಗಳಿಗೆ ಕಡ್ಡಾಯ ವಾರಂಟಿ ಬಂದದ್ದು ಆ ಆಯೋಗದಿಂದ: ಕೆಲಸ ಮತ್ತು ಸಾಮಗ್ರಿಗೆ 2 ವರ್ಷ, ನೀರು ತಡೆಯುವ ಹೊರಕವಚಕ್ಕೆ 5 ವರ್ಷ, ಕಟ್ಟಡದ ಚೌಕಟ್ಟಿಗೆ 10 ವರ್ಷ.

ಆದರೆ ನನ್ನ ಕುತೂಹಲ ಹಣದ ಕಡೆಗಿಂತ ಅಲ್ಲಿನ ಎಂಜಿನಿಯರ್‌ಗಳು ಕಂಡುಕೊಂಡದ್ದರ ಕಡೆ. 1996ರಲ್ಲಿ ಕೆನಡಾದ ವಸತಿ ನಿಗಮ ಸೋರಿದ ಕಟ್ಟಡಗಳನ್ನೂ ಸೋರದ ಕಟ್ಟಡಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ಒಂದು ಅಧ್ಯಯನ ಮಾಡಿಸಿತು. ಅಲ್ಲಿ ಗೊತ್ತಾದ ಸಂಗತಿ ಮಲೆನಾಡಿನ ಯಾವ ಅಜ್ಜಿಯಾದರೂ ಹೇಳುವಂಥದ್ದು. ಸೂರು ಎಷ್ಟು ಮುಂದಕ್ಕೆ ಚಾಚಿದೆಯೋ ಗೋಡೆ ಅಷ್ಟು ಸುರಕ್ಷಿತ. ಸೂರೇ ಇಲ್ಲದ ಗೋಡೆಗಳಲ್ಲಿ ತೊಂದರೆ ಅತಿ ಹೆಚ್ಚು. ಎರಡನೆಯದು, ನೀರು ಬಂದದ್ದು ಹೊರಗಿನಿಂದಲೇ, ಕಿಟಕಿ, ಬಾಲ್ಕನಿ, ಮೊಗಸಾಲೆ ಗೋಡೆಗೆ ಸೇರುವ ಸಂದುಗಳಿಂದ. ಇದರ ಮೇಲೆ ಅಲ್ಲಿನವರು ಒಂದು ಪಾಠ ಕಟ್ಟಿದರು. ಮೊದಲು ಮಳೆ ಗೋಡೆಗೆ ಬಡಿಯದಂತೆ ತಿರುಗಿಸು. ತಪ್ಪಿಸಿಕೊಂಡು ಒಳಗೆ ಬಂದ ನೀರಿಗೆ ಇಳಿದುಹೋಗುವ ದಾರಿ ಕೊಡು. ಅಷ್ಟಾಗಿಯೂ ಉಳಿದದ್ದಕ್ಕೆ ಗಾಳಿ ಆಡಲು ಬಿಡು, ಒಣಗಲಿ. ಒಣಗುವವರೆಗೆ ತಾಳಿಕೊಳ್ಳುವ ಮರ ಹಾಕು. ನೀರು ಒಳಗೆ ಬಂದೇ ಬರುತ್ತೆ ಅಂತ ಒಪ್ಪಿಕೊಂಡು ಕಟ್ಟು ಅನ್ನೋದು ಅದರ ಸಾರ. ಅಲ್ಲಿಯವರೆಗೆ ನಡೆದಿದ್ದು ಇದಕ್ಕೆ ವಿರುದ್ಧವಾದ ನಂಬಿಕೆ: ಮೇಲ್ಮೈಯನ್ನು ಬಿಗಿಯಾಗಿ ಮುಚ್ಚಿದರೆ ಸಾಕು, ನೀರು ಬರೋದೇ ಇಲ್ಲ.

ಹಳೆ ಕಾಲದ ಕ್ಯಾಲಿಫೋರ್ನಿಯಾದ ಡೆಕ್ಕುಗಳನ್ನು ನೋಡಿದರೆ ಅವರಿಗೂ ಇದು ತಿಳಿದಿತ್ತು ಅನ್ನಿಸುತ್ತೆ. ರೆಡ್‌ವುಡ್ ಮರದ ಹಲಗೆ, ಹಲಗೆಗಳ ನಡುವೆ ಸಂದು, ಕೆಳಗೆ ಜಂತೆ ಬಟಾಬಯಲು. ರೆಡ್‌ವುಡ್‌ನ ಚೇಗು ನಮ್ಮ ತೇಗದ ಹಾಗೆ ಸುಲಭಕ್ಕೆ ಕೊಳೆಯೋದಿಲ್ಲ. ಮಳೆ ಬಿದ್ದರೆ ಸಂದಿನಿಂದ ಇಳಿದು ಹೋಗುತ್ತೆ, ಗಾಳಿಗೆ ಒಣಗುತ್ತೆ. ಕೊಳೆತರೂ ಕೆಳಗೆ ನಿಂತು ತಲೆ ಎತ್ತಿದರೆ ಕಾಣುತ್ತೆ. ಆಮೇಲಾಮೇಲೆ ಚೆಂದ ಕಾಣಲಿ ಅಂತ ತಳ ಮುಚ್ಚಿದರು, ಕೆಳಮನೆಯವರ ತಲೆ ಮೇಲೆ ನೀರು ತೊಟ್ಟಿಕ್ಕದಿರಲಿ ಅಂತ ಮೇಲೂ ಮುಚ್ಚಿದರು. ಬೆಂಕಿಯ ನಿಯಮಗಳೂ ಮುಚ್ಚುವುದರ ಪರವಾಗಿದ್ದವು. ಅದೇ ಕಾಲಕ್ಕೆ ಇಡೀ ಮರದ ಬದಲು ಚಕ್ಕೆಗಳನ್ನು ಅಂಟು ಹಾಕಿ ಒತ್ತಿದ ಹಲಗೆ ಬಂತು. ಒಣಗಿರುವವರೆಗೆ ಒಳ್ಳೆಯ ಸಾಮಾನು. ಅಂಚಿಗೆ ನೀರು ತಾಗಿದರೆ ಉಬ್ಬುತ್ತೆ, ಉಬ್ಬಿದರೆ ಮತ್ತೆ ಮೊದಲಿನ ಹಾಗೆ ಆಗೋದಿಲ್ಲ.

ಹಾಗಾದರೆ 90ರ ದಶಕದಲ್ಲಿ ವ್ಯಾಂಕೂವರ್ ಕಲಿತ ಪಾಠ 2005ರಲ್ಲಿ ಬರ್ಕ್ಲಿಗೆ ಯಾಕೆ ತಲುಪಲಿಲ್ಲ? ನಮ್ಮದು ಬಿಸಿಲಿನ ರಾಜ್ಯ ಎಂಬ ಧೈರ್ಯ ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ಸ್ಯಾಕ್ರಮೆಂಟೊದ ಶಾಸನಸಭೆಯಲ್ಲಿ ಬಯಲಾಯಿತು. ಆ ಬಾಲ್ಕನಿ ಕಟ್ಟಿದ ಗುತ್ತಿಗೆ ಕಂಪನಿ ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲೇ ಬೇರೆ ಕಟ್ಟಡಗಳ ದೋಷಗಳ ಬಗ್ಗೆ ಬಂದ ದಾವೆಗಳನ್ನು 2.65 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತ್ತು. ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುವ ರಾಜ್ಯ ಮಂಡಳಿಗೆ ಅದು ತಿಳಿದೇ ಇರಲಿಲ್ಲ. ತಿಳಿಸಬೇಕು ಎಂಬ ಕಾನೂನೇ ಇರಲಿಲ್ಲ. ಇಂಥ ರಾಜಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತೆ, ಎರಡೂ ಕಡೆಯವರು ಬಾಯಿ ಬಿಡಬಾರದು ಅಂತ. ಹಣ ಪಡೆದವರ ಬಾಲ್ಕನಿ ಸರಿಹೋಗುತ್ತೆ. ಪಕ್ಕದ ಊರಿನಲ್ಲಿ ಅಂಥದ್ದೇ ಬಾಲ್ಕನಿಯ ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ.

ಸೆನೆಟರ್ ಜೆರ್ರಿ ಹಿಲ್ ಎಂಬುವರು ಇದರ ಬೆನ್ನು ಹತ್ತಿದರು. ಇಂಥ ರಾಜಿಗಳನ್ನು ಮಂಡಳಿಗೆ ವರದಿ ಮಾಡಬೇಕು ಎಂದು 2015ರಲ್ಲೇ ಅವರು ತಂದ ಮಸೂದೆ ಕಟ್ಟಡ ಉದ್ಯಮದ ವಿರೋಧದಿಂದ ಮುಂದೆ ಹೋಗಲಿಲ್ಲ. ಮುಂದಿನ ವರ್ಷ ಬದುಕುಳಿದವರೂ ಸತ್ತವರ ಮನೆಯವರೂ ಸಮಿತಿಯ ಮುಂದೆ ಸಾಕ್ಷಿ ಹೇಳಿದ ಮೇಲೆ ಅದರ ತೆಳುವಾದ ರೂಪವೊಂದು ಪಾಸಾಯಿತು: ವರದಿ ಬೇಕೋ ಬೇಡವೋ ಎಂದು ಮಂಡಳಿ ಅಧ್ಯಯನ ಮಾಡಲಿ ಅಂತ. ಕೊನೆಗೆ 10 ಲಕ್ಷ ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ರಾಜಿಗಳನ್ನು ತಿಳಿಸಲೇಬೇಕು ಎಂಬ ಕಾನೂನು ಬರಲು 2018 ಆಯಿತು. ಆ ಕಂಪನಿಯ ಲೈಸೆನ್ಸ್ ಅದಕ್ಕೆ ಒಂದು ವರ್ಷ ಮೊದಲೇ ರದ್ದಾಗಿತ್ತು.

ಕಟ್ಟುವ ನಿಯಮಗಳು ಇದಕ್ಕಿಂತ ಬೇಗ ಬದಲಾದವು. ಬರ್ಕ್ಲಿ ನಗರ ಒಂದೇ ತಿಂಗಳಲ್ಲಿ, 2015ರ ಜುಲೈನಲ್ಲಿ, ಊರಿನ ಅಪಾರ್ಟ್‌ಮೆಂಟ್‌ಗಳ ಹೊರ ಬಾಲ್ಕನಿ, ಮೆಟ್ಟಿಲು, ಮೊಗಸಾಲೆಗಳನ್ನು ಆರು ತಿಂಗಳೊಳಗೆ ತಪಾಸಣೆ ಮಾಡಿಸಿ ಎಂದಿತು. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐದು ವರ್ಷಕ್ಕೊಮ್ಮೆ ತಪಾಸಣೆ ಎಂಬ ನಿಯಮ ಅದಕ್ಕೂ ಮುಂಚೆಯೇ ಇತ್ತು, ಕೊಲ್ಲಿಯ ಈ ದಡದವರು ಅದನ್ನು ತಮ್ಮದಾಗಿಸಿಕೊಂಡಿರಲಿಲ್ಲ ಅಷ್ಟೇ. 2017ರ ಆರಂಭದಲ್ಲಿ ರಾಜ್ಯದ ಕಟ್ಟಡ ಸಂಹಿತೆಯೇ ತುರ್ತಾಗಿ ತಿದ್ದುಪಡಿ ಆಯಿತು. ಹೊಸ ಬಾಲ್ಕನಿ ಒಳಕೋಣೆಯ ನೆಲದ ಒಂದೂವರೆ ಪಟ್ಟು ಭಾರ ಹೊರಬೇಕು. ನೀರು ತಡೆಯುವ ಪದರಗಳನ್ನು ನಕ್ಷೆಯಲ್ಲೇ ಬಿಡಿಸಿ ತೋರಿಸಬೇಕು. ಮುಚ್ಚುವ ಮೊದಲು ಇನ್‌ಸ್ಪೆಕ್ಟರ್ ಬಂದು ಕಣ್ಣಾರೆ ನೋಡಬೇಕು. ತಳ ಮುಚ್ಚಿದ್ದರೆ ಗಾಳಿ ಆಡಲು ಅದರ ವಿಸ್ತೀರ್ಣದ 150ನೇ ಒಂದು ಭಾಗದಷ್ಟು ತೂತು ಬಿಡಬೇಕು. ಈ ಕೊನೆಯ ಸಾಲು ಓದಿದಾಗ ನನಗೆ ವ್ಯಾಂಕೂವರ್ ನೆನಪಾಯಿತು. ಒಣಗಲು ಬಿಡು ಅನ್ನೋದು ಇಪ್ಪತ್ತು ವರ್ಷ ತಡವಾಗಿ ಗಡಿ ದಾಟಿ ಬಂದಿತ್ತು.

ಇನ್ನು ಹಳೆ ಕಟ್ಟಡಗಳಿಗೆ ಎರಡು ಕಾನೂನು. 2018ರ ಎಸ್‌ಬಿ 721 ಬಾಡಿಗೆ ಅಪಾರ್ಟ್‌ಮೆಂಟ್‌ಗಳಿಗೆ, 2019ರ ಎಸ್‌ಬಿ 326 ನಮ್ಮ ತಂಗಿಯಂಥವರು ಕೊಂಡ ಕಾಂಡೊಗಳಿಗೆ. ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡ, ನೆಲದಿಂದ ಆರು ಅಡಿಗಿಂತ ಎತ್ತರದ, ಮರ ಹೊತ್ತು ನಿಂತ ಬಾಲ್ಕನಿ, ಡೆಕ್ಕು, ಮೆಟ್ಟಿಲು, ಮೊಗಸಾಲೆ ಎಲ್ಲ ಸೇರುತ್ತೆ. ಬಾಡಿಗೆಯವಕ್ಕೆ ಆರು ವರ್ಷಕ್ಕೊಮ್ಮೆ, ಕಾಂಡೊಗೆ ಒಂಬತ್ತು ವರ್ಷಕ್ಕೊಮ್ಮೆ. ಮರ ಗಟ್ಟಿ ಇದೆಯಾ ಅಂತ ನೋಡಿದರೆ ಸಾಲದು, ಪೊರೆ, ಲೇಪ, ತಗಡು, ಸಂದಿಗೆ ತುಂಬಿದ ಮೇಣದಂಥ ಸೀಲಂಟ್ ಇವುಗಳ ಸ್ಥಿತಿಯನ್ನೂ ನೋಡಬೇಕು ಎಂದು ಕಾನೂನೇ ಹೆಸರಿಸುತ್ತೆ. ಮೊದಲ ತಪಾಸಣೆಗೆ ಎರಡಕ್ಕೂ 2025ರ ಜನವರಿ 1 ಗಡುವು. ಬಾಡಿಗೆ ಕಟ್ಟಡಗಳ ಮಾಲೀಕರಿಗೆ ಆಮೇಲೆ ಇನ್ನೊಂದು ವರ್ಷ ಸಿಕ್ಕಿತು. ಕಾಂಡೊಗಳಿಗೆ ಸಿಗಲಿಲ್ಲ. ಬಾಡಿಗೆದಾರರ ಜೀವ ಒಂದು ವರ್ಷ ಕಾಯಬಹುದು, ಮಾಲೀಕರದ್ದು ಕಾಯಲಾಗದು ಎಂಬ ಲೆಕ್ಕ ಯಾವುದೋ, ನನಗಂತೂ ಅರ್ಥವಾಗಿಲ್ಲ. ಬಿದ್ದದ್ದು ಬಾಡಿಗೆ ಮನೆಯ ಬಾಲ್ಕನಿ.

ಇಷ್ಟು ಕೇಳಿ, ನಮ್ಮದು ಕಾಂಕ್ರೀಟು, ನಮಗೆ ಈ ಚಿಂತೆ ಇಲ್ಲ ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರೆ, ಅಮೆರಿಕದ ಇನ್ನೊಂದು ಮೂಲೆಯ ವಿಷಯ ಸ್ವಲ್ಪ ಹೇಳಬೇಕು. ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಕಟ್ಟಿದ ಹನ್ನೆರಡು ಅಂತಸ್ತಿನ ಚಾಂಪ್ಲೇನ್ ಟವರ್ಸ್ ಸೌತ್ ಪೂರಾ ಕಾಂಕ್ರೀಟಿನ ಕಟ್ಟಡ. ಕಾರು ನಿಲ್ಲಿಸುವ ನೆಲಮಾಳಿಗೆಯ ಮೇಲೆ ಈಜುಕೊಳದ ಸುತ್ತಲಿನ ಅಂಗಳ. ಅದೂ ನೆಲದಿಂದ ಮೇಲಿರುವ ಡೆಕ್ಕೇ. 2018ರಲ್ಲಿ ಎಂಜಿನಿಯರ್ ಒಬ್ಬರು ಕೊಟ್ಟ ವರದಿಯಲ್ಲಿ, ಅಂಗಳದ ಕೆಳಗಿನ ವಾಟರ್‌ಪ್ರೂಫಿಂಗ್ ಹಾಳಾಗಿದೆ, ಅದನ್ನು ಮಟ್ಟಸವಾಗಿ ಹಾಸಿದ್ದರಿಂದ ನೀರು ಹರಿದುಹೋಗದೆ ಆವಿಯಾಗುವ ತನಕ ಅಲ್ಲೇ ನಿಲ್ಲುತ್ತೆ ಎಂದು ಬರೆದಿದ್ದರು. ನಮ್ಮ ಗಾರೆ ಕೆಲಸದವರ ಮಾತಿನಲ್ಲಿ ಹೇಳಬೇಕು ಅಂದ್ರೆ ವಾಟ ಕೊಟ್ಟಿರಲಿಲ್ಲ. ರಿಪೇರಿಗೆ ಆಗ ಅಂದಾಜು 90 ಲಕ್ಷ ಡಾಲರ್. ಮಾಲೀಕರ ಸಂಘದಲ್ಲಿ ಜಗಳ, ರಾಜೀನಾಮೆ, ಮುಂದೂಡಿಕೆ. 2021ರ ಹೊತ್ತಿಗೆ ಬಿಲ್ಲು 1.5 ಕೋಟಿ ಡಾಲರ್‌ಗೆ ಏರಿತ್ತು. ಆ ವರ್ಷದ ಜೂನ್ 24ರ ನಡುರಾತ್ರಿ ಮೊದಲು ಅಂಗಳ ಕುಸಿಯಿತು, ಕೆಲವು ನಿಮಿಷಗಳಲ್ಲಿ ಕಟ್ಟಡದ ದೊಡ್ಡ ಭಾಗ. 98 ಜನ ಸತ್ತರು. ಬರೀ ನೀರಿನಿಂದ ಹೀಗಾಯಿತು ಅನ್ನುವಂತಿಲ್ಲ, ಅಂಗಳದ ವಿನ್ಯಾಸದಲ್ಲೇ ಬಲ ಕಡಿಮೆ ಇತ್ತು ಎಂದು ಕೇಂದ್ರ ಸರ್ಕಾರದ ತನಿಖಾಧಿಕಾರಿಗಳು ಹೇಳಿದ್ದಾರೆ. ಮರುವರ್ಷ ಫ್ಲಾರಿಡಾ ಮಾಡಿದ ಕಾನೂನಿನಲ್ಲಿ, ಮೂರು ಅಥವಾ ಅದಕ್ಕಿಂತ ಹೆಚ್ಚು ಅಂತಸ್ತಿನ ಕಾಂಡೊ ಸಂಘಗಳು ಯಾವ್ಯಾವುದಕ್ಕೆ ಹಣ ಕೂಡಿಡಲೇಬೇಕು ಎಂಬ ಪಟ್ಟಿ ಇದೆ. ಛಾವಣಿ, ಕಂಬ, ತೊಲೆಗಳ ಜೊತೆಗೆ ವಾಟರ್‌ಪ್ರೂಫಿಂಗ್ ಕೂಡ ಅದರಲ್ಲಿ ಸೇರಿದೆ.

ಸನ್ನಿವೇಲ್‌ಗೆ ವಾಪಸ್ ಬರೋಣ. ತಪಾಸಣೆ ಆಯಿತು. ತಂಗಿಯ ಬಾಲ್ಕನಿ ಒಣಗಿಯೇ ಇತ್ತು. ಮೂರು ಮನೆ ಆಚೆ, ಎರಡನೇ ಮಹಡಿಯಲ್ಲಿ, ಬಾಗಿಲ ಹೊಸ್ತಿಲ ಕೆಳಗಿನ ಜಂತೆ ಮೆತ್ತಗಾಗಿತ್ತಂತೆ. ಎಂಜಿನಿಯರ್ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು ಅಂದಳು. ಆ ಮನೆಯಲ್ಲಿ ಇರೋರು ವಯಸ್ಸಾದ ದಂಪತಿ, ಬೆಳಗ್ಗೆ ಕಾಫಿ ಕುಡಿಯೋದು ಅಲ್ಲೇ ಕೂತು. ಬಾಗಿಲಿಗೆ ಅಡ್ಡ ಹಲಗೆ ಹೊಡೆದು ಮುಚ್ಚಿದರು. ಇಡೀ ಕಟ್ಟಡದ ರಿಪೇರಿಗೆ ಸಂಘದಲ್ಲಿ ಕೂಡಿಟ್ಟ ಹಣ ಸಾಲದೆ ಪ್ರತಿ ಮನೆಗೂ ವಿಶೇಷ ವಂತಿಗೆ ಹಾಕಿದರು. ಆ ವರ್ಷ ಅವಳು ಊರಿಗೆ ಬರುವ ಟಿಕೆಟ್ ರದ್ದು ಮಾಡಿದಳು. ಸಂಘದ ಸಭೆಯಲ್ಲಿ ಒಬ್ಬರು ಎದ್ದು, ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಕೋರ್ಟಿಗೆ ಹೋಗೋಣ ಅಂದರಂತೆ. ಆಗ ಮೂಲೆಯಲ್ಲಿ ಕೂತಿದ್ದ ಬಾಡಿಗೆ ಹುಡುಗನೊಬ್ಬ, ಮತದಾನದ ಹಕ್ಕೂ ಇಲ್ಲದವನು, ಕೈ ಎತ್ತಿ ಕೇಳಿದನಂತೆ: "ಆ ಎರಡನೇ ಮಹಡಿಯ ಬಾಲ್ಕನಿ ಕೆಳಗೆ ನಾನು ದಿನಾ ಸೈಕಲ್ ನಿಲ್ಲಿಸ್ತೀನಿ. ಇನ್ನು ಎಲ್ಲಿ ನಿಲ್ಲಿಸಲಿ?"

ವಂತಿಗೆಗೆ ಮತ ಬಿತ್ತು. ಕೆಲಸ ಶುರುವಾಗಿದೆ. ಬಾಲ್ಕನಿಗಳ ತಳಕ್ಕೆ ಈಗ ಸಾಲಾಗಿ ಜಾಲರಿ ಹಾಕಿದ ಗಾಳಿಗಂಡಿಗಳು ಬರುತ್ತಿವೆಯಂತೆ, ನೋಡಲು ಅಷ್ಟೇನೂ ಚೆಂದ ಇಲ್ಲ ಅನ್ನುತ್ತಾಳೆ. ತುಳಸಿ ಸದ್ಯಕ್ಕೆ ಅಡುಗೆಮನೆಯ ಕಿಟಕಿಯಲ್ಲಿದೆ. ಬಾಲ್ಕನಿಗೆ ವಾಪಸ್ ಹೋದರೂ ಕುಂಡದ ಕೆಳಗೆ ಕಾಲಿರುವ ತಟ್ಟೆ ಇಟ್ಟು, ನೆಲಕ್ಕೆ ನೀರು ನಿಲ್ಲದ ಹಾಗೆ ನೋಡಿಕೊಳ್ಳಬೇಕು ಅಂತ ಸಂಘದ ಹೊಸ ನಿಯಮ.